ನಡುಗೋಡೆ ಒಂದು, ಮನೆಗಳು ಎರಡು

ಒಂದು ಸೀಮೆಯ ಚರಿತ್ರೆಯನ್ನು ಅರಿಯಬಯಸುವವರು ಸಾಮಾನ್ಯವಾಗಿ ಕೋಟೆ, ದೇವಾಲಯ, ಶಾಸನಗಳತ್ತ ದೃಷ್ಟಿ ಹಾಯಿಸುವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಇವುಗಳಿಗೆ ಕೊರತೆಯಿಲ್ಲ. ಮಧುಗಿರಿಯ ಗಿರಿದುರ್ಗವೂ ಶಿರಾದಲ್ಲಿರುವ 1651ರ ಮಲ್ಲಿಕ್ ರಿಹಾನನ ಗೋರಿಯೂ ನಾಡಿಗೆಲ್ಲ ಪರಿಚಿತವಾದುವು. ಆದರೆ ರಾಗಿ ಬೆಳೆದು, ಕುರಿ ಸಾಕಿ, ಬರಗಾಲಗಳನ್ನು ದಾಟಿ ಬಂದ ಜನರ ಚರಿತ್ರೆ ಅಡಗಿರುವುದು ಅವರ ವಾಸದ ಮನೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಊರುಗಳಲ್ಲಿ ರೂಢಿಯಲ್ಲಿದ್ದ, ಒಂದೇ ನಡುಗೋಡೆಯನ್ನು ಹಂಚಿಕೊಂಡ ಜೋಡಿ ಮಾಳಿಗೆ ಮನೆಗಳು ಆ ದೃಷ್ಟಿಯಿಂದ ಗಮನಾರ್ಹವಾದುವು.

ಈ ಸೀಮೆಯ ಬಹುಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 700 ಮಿಲಿಮೀಟರು ಮಾತ್ರ. ಆದ್ದರಿಂದ ಸಮತಟ್ಟಾದ ಮಣ್ಣಿನ ಮಾಳಿಗೆಯೇ ಇಲ್ಲಿಗೆ ಒಪ್ಪಿತು. ಕಲ್ಲಿನ ತಳಪಾಯದ ಮೇಲೆ ದಪ್ಪನೆಯ ಮಣ್ಣಿನ ಗೋಡೆ, ಗೋಡೆ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಒತ್ತಾಗಿ ಹೊಂದಿಸಿದ ಕಡ್ಡಿ ಮತ್ತು ಬಂದರೆ ಸೊಪ್ಪು, ಅನಂತರ ಮಣ್ಣು, ಎಲ್ಲಕ್ಕೂ ಮೇಲೆ ಚೌಳುಮಣ್ಣು. ಚೌಳಿನೊಳಗೆ ನೀರು ಬೇಗ ಇಳಿಯದು, ಹುಲ್ಲೂ ಸುಲಭವಾಗಿ ಬೇರೂರದು. ಮಾಳಿಗೆಯ ನೀರು ದೋಣಿಯಿಂದ ಹೊರಗೆ ಬೀಳುತ್ತಿತ್ತು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವುದು ಪ್ರತಿ ಸಂಸಾರದ ಕರ್ತವ್ಯವಾಗಿತ್ತು.

ಜೋಡಿ ಮನೆಗಳು ಹುಟ್ಟಿದ್ದು ಅನೇಕ ವೇಳೆ ಅಣ್ಣತಮ್ಮಂದಿರ ಪಾಲಿನಿಂದ. ಒಂದು ದೊಡ್ಡ ಮನೆಯ ನಡುವೆ ಗೋಡೆಯೆದ್ದು, ಎರಡು ಬಾಗಿಲು, ಎರಡು ಒಲೆಗಳಾಗುತ್ತಿದ್ದುವು. ಇಲ್ಲವೆ ಹಳೆಯ ಮನೆಯ ಗೋಡೆಗೆ ಒತ್ತಿ ಹೊಸ ಮನೆ ಏಳುತ್ತಿತ್ತು. ಆ ನಡುಗೋಡೆಯ ಮೇಲೆ ಎರಡೂ ಕಡೆಯ ಜಂತೆಗಳು ತಲೆಯೂರಿರುತ್ತವೆ. ಭಾಗಪತ್ರಗಳ ಚಕ್ಕುಬಂದಿಯಲ್ಲಿ ಗೋಡೆಯ ಹಕ್ಕನ್ನೂ ದೋಣಿಯ ನೀರು ಬೀಳುವ ದಿಕ್ಕನ್ನೂ ನಮೂದಿಸಿದ್ದರೆ, ಅದಕ್ಕೆ ಕಾರಣ ಇದೇ. 'ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ' ಎಂಬ ಗಾದೆಯನ್ನು ಇಂದು ಎತ್ತಲೂ ನಿಲ್ಲದ ಮಾತಿಗೆ ಬಳಸುವರು. ಸೂರು ಮುಟ್ಟದ ಅಡ್ಡಗೋಡೆಯಿದ್ದ ಮನೆಗಳಲ್ಲಾದರೋ ಅಂಥ ದೀಪ ಎರಡು ಕಡೆಗೂ ಬೆಳಕು ಕೊಡುತ್ತಿತ್ತು.

ಇಂಥ ಮನೆಗಳ ಕಾಲವನ್ನು ನಿರ್ಣಯಿಸುವಾಗ ಎಚ್ಚರಿಕೆ ಅವಶ್ಯ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಆದಕಾರಣ ಮಂಗಳೂರು ಹೆಂಚಿನ ಸೂರು ಅದಕ್ಕಿಂತ ಈಚಿನದು. ಆದರೆ ಅದರ ಕೆಳಗಿನ ಗೋಡೆ ಇನ್ನೂ ಹಿಂದಿನದಾಗಿರಬಹುದು. ಸೂರು ಬದಲಾದರೂ ಗೋಡೆ ಉಳಿಯುವುದು ಅಪರೂಪವಲ್ಲ.

ಇಂದಿನ ಅಪಾಯ ಇರುವುದು ಈ ಗೋಡೆಗೇ. ಒಂದು ಪಾಲಿನವರು ತಾರಸಿ ಮನೆ ಕಟ್ಟಲೆಂದು ತಮ್ಮ ಭಾಗವನ್ನು ಕೆಡವಿದಾಗ, ಅದುವರೆಗೆ ಒಳಗೋಡೆಯಾಗಿದ್ದುದು ಮಳೆಗೆ ಮೈಯೊಡ್ಡುತ್ತದೆ. ಒಂದು ಬದಿಯ ಆಸರೆ ತಪ್ಪಿ, ಬುಡ ನೆನೆದು, ಆಚೆಯ ಸಂಸಾರದ ಮೇಲೆ ಕುಸಿಯುವ ಸಂಭವವುಂಟು. ಕೆಡಹುವ ಮುನ್ನ ಇಬ್ಬರೂ ಕೂಡಿ ಜಂತೆಗಳ ನೆಲೆಯನ್ನು ಪರೀಕ್ಷಿಸಬೇಕು. ನಡುಗೋಡೆಯನ್ನು ಇಡಿಯಾಗಿ ಉಳಿಸಿ ಅದರ ನೆತ್ತಿಗೆ ಹೊದಿಕೆ ಮಾಡಬೇಕು. ಹೊಸ ಪಾಯವನ್ನು ಹಳೆಯ ಬುಡದಿಂದ ದೂರ ಅಗೆಯಬೇಕು. ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಹಿತವಲ್ಲ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಮಣ್ಣಿನ ಇಲ್ಲವೆ ಸುಣ್ಣದ ಗಿಲಾವೇ ಲೇಸು.

1961ರ ರಾಜ್ಯ ಸ್ಮಾರಕ ಕಾಯಿದೆಯ ರಕ್ಷಣೆ ಘೋಷಿತ ಸ್ಮಾರಕಗಳಿಗೆ ದೊರೆಯುವುದೇ ಹೊರತು ರೈತನ ಮನೆಗಲ್ಲ. ಎಲ್ಲವನ್ನೂ ಉಳಿಸುವುದು ಸಾಧ್ಯವೂ ಅಲ್ಲ; ಸೋರುವ ಸೂರಿನಡಿ ಬಾಳಿರೆಂದು ಯಾರಿಗೂ ಹೇಳಲಾಗದು. ಆದರೆ ಮನೆಯ ಅಳತೆ, ನಕ್ಷೆ, ಛಾಯಾಚಿತ್ರ, ಭಾಗಪತ್ರದ ಪ್ರತಿ, ಹಿರಿಯರ ಹೇಳಿಕೆ ಇವನ್ನು ಸಂಗ್ರಹಿಸುವುದು ಸಾಧ್ಯ. ಅಧ್ಯಾಪಕರು ವಿದ್ಯಾರ್ಥಿಗಳಿಗೆ ಈ ಕಾರ್ಯವನ್ನು ಕಲಿಸಿ, ಹಳೆಯ ವಿದ್ಯಾರ್ಥಿಗಳು ತಂತಮ್ಮ ಊರಿನ ಮನೆಗಳನ್ನು ತೋರಿಸಿ, ದಾನಿಗಳು ಅಲ್ಪ ನೆರವಿತ್ತರೆ, ನಾಲ್ಕು ತಾಲ್ಲೂಕುಗಳ ಗೃಹಚರಿತ್ರೆ ಬರಹದಲ್ಲಾದರೂ ಉಳಿದೀತು. ಕಟ್ಟಿದವರ ಹೆಸರುಗಳು ಮರೆತುಹೋಗಿವೆ. ಅವರ ಕೈಕೆಲಸದ ತಿಳಿವು ಮರೆಯಾಗಬಾರದು.