ಐವತ್ನಾಲ್ಕು ವರ್ಷ ಎಂದು ಎಣಿಸಿದವರು ಯಾರು?

2023ರ ಮಾರ್ಚ್ 6, ಸೋಮವಾರ. ನಮ್ಮ ಹಗರೆಯ ಕಡೆ ಆಗಲೇ ಬಿಸಿಲು ಏರತೊಡಗಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿದ್ದರಿಂದ ಓಮ್‌ನ ನಿಯಮದ ಲೆಕ್ಕಗಳನ್ನು ಮತ್ತೊಮ್ಮೆ ಮಾಡಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಪುಸ್ತಕದೊಳಗೆ ಹಳೆಯ ಪೇಪರ್ ಇಟ್ಟುಕೊಂಡು ಓದುತ್ತಿದ್ದ. ಹಿಡಿದು ನಿಲ್ಲಿಸಿದೆ. ಅವನು ಹೆದರಲಿಲ್ಲ. ‘ಸಾರ್, ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿದೆ. 54 ವರ್ಷದ ಮೇಲಂತೆ. ಅಷ್ಟು ವರ್ಷ ಯಾರು ಸಾರ್ ಎಣಿಸ್ಕೊಂಡು ಕೂತಿದ್ರು?’ ಎಂದು ಕೇಳಿದ.

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ಚೆನ್ನಾಗಿತ್ತು. ಎಣಿಸುತ್ತಾ ಯಾರೂ ಕೂತಿರಲಿಲ್ಲ. ಪ್ರತಿ ವರ್ಷವೂ ಯಾರೋ ಒಬ್ಬರು ಒಂದು ಸಾಲು ಬರೆದಿಟ್ಟಿದ್ದರು, ಅಷ್ಟೆ. ಹಾಗೆ ಬರೆದಿಟ್ಟ ಸಾಲುಗಳಿಂದ ಏನೇನು ತಿಳಿಯುತ್ತದೆ, ಬರೆದಿಡದಿದ್ದರೆ ಏನು ಕಳೆದುಹೋಗುತ್ತದೆ ಎಂಬುದನ್ನು ಹೇಳಲು ಈ ಲೇಖನ. ಫುಟ್‌ಬಾಲ್ ಇಲ್ಲಿ ಉದಾಹರಣೆ. ಲೆಕ್ಕ ಎಲ್ಲದಕ್ಕೂ ಅನ್ವಯಿಸುತ್ತದೆ.

ಹತ್ತು ಫೈನಲ್‌ಗಳ ಕಥೆ

ಸಂತೋಷ್ ಎಂಬುದು ಒಂದು ಊರಿನ ಹೆಸರು. ಇಂದು ಬಾಂಗ್ಲಾದೇಶದಲ್ಲಿರುವ ಆ ಸಂಸ್ಥಾನದ ಮಹಾರಾಜ ಸರ್ ಮನ್ಮಥನಾಥ ರಾಯ್ ಚೌಧುರಿ ಅವರ ನೆನಪಿಗೆ ಇಟ್ಟ ಟ್ರೋಫಿ ಅದು. ರಾಜ್ಯ ತಂಡಗಳ ನಡುವಿನ ಈ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ಆರಂಭವಾದದ್ದು 1941ರಲ್ಲಿ. ಅದರಲ್ಲಿ ನಮ್ಮವರ ಹೆಸರೂ ಸೇರಿಕೊಂಡಿದೆ. ಮೂರನೇ ಸ್ಥಾನದ ತಂಡಕ್ಕೆಂದು ಮೈಸೂರು ಫುಟ್‌ಬಾಲ್ ಸಂಸ್ಥೆ ಕೊಟ್ಟ ಕಪ್ಪಿಗೆ ‘ಸಂಪಂಗಿ ಕಪ್’ ಎಂದು ಹೆಸರು. ಸಂಪಂಗಿ ಮೈಸೂರಿನ ಹೆಸರಾಂತ ಆಟಗಾರ.

ನಮ್ಮ ರಾಜ್ಯ ತಂಡ 1973ರ ನವೆಂಬರ್ 1ರವರೆಗೆ ‘ಮೈಸೂರು’, ಆಮೇಲೆ ‘ಕರ್ನಾಟಕ’. ಎರಡೂ ಹೆಸರಿನಲ್ಲಿ ಅದು 2022-23ರವರೆಗೆ ಆಡಿದ ಫೈನಲ್‌ಗಳನ್ನು ಒಂದು ಪಟ್ಟಿ ಮಾಡೋಣ:

1946-47, ಬೆಂಗಳೂರು: ಬಂಗಾಳದ ವಿರುದ್ಧ ಗೆಲುವು
1952-53, ಬೆಂಗಳೂರು: ಬಂಗಾಳದ ವಿರುದ್ಧ ಗೆಲುವು
1953-54, ಕಲ್ಕತ್ತಾ: ಬಂಗಾಳದ ವಿರುದ್ಧ ಸೋಲು
1955-56, ಎರ್ನಾಕುಲಂ: ಬಂಗಾಳದ ವಿರುದ್ಧ ಸೋಲು
1962-63, ಬೆಂಗಳೂರು: ಬಂಗಾಳದ ವಿರುದ್ಧ ಸೋಲು
1967-68, ಕಟಕ್: ಬಂಗಾಳದ ವಿರುದ್ಧ ಗೆಲುವು
1968-69, ಬೆಂಗಳೂರು: ಬಂಗಾಳದ ವಿರುದ್ಧ ಗೆಲುವು
1970-71, ಜಲಂಧರ್: ಪಂಜಾಬ್ ವಿರುದ್ಧ ಸೋಲು
1975-76, ಕೋಳಿಕ್ಕೋಡ್: ಬಂಗಾಳದ ವಿರುದ್ಧ ಸೋಲು
2022-23, ರಿಯಾದ್: ಮೇಘಾಲಯದ ವಿರುದ್ಧ ಗೆಲುವು

ಹತ್ತು ಫೈನಲ್, ಐದು ಗೆಲುವು, ಐದು ಸೋಲು. ಇದನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಗೆ ‘ಏನು ಕಾಣಿಸುತ್ತದೆ?’ ಎಂದು ಕೇಳಿದೆ. ಮೊದಲು ಉತ್ತರ ಹೇಳಿದವಳು ಲೆಕ್ಕದಲ್ಲಿ ಅಷ್ಟೇನೂ ಮುಂದಿಲ್ಲದ ಹುಡುಗಿ. ‘ಸಾರ್, ಬಂಗಾಳ, ಬಂಗಾಳ, ಬಂಗಾಳ.’ ನಿಜ. ಹತ್ತರಲ್ಲಿ ಎಂಟು ಫೈನಲ್ ಬಂಗಾಳದ ಎದುರೇ. ಆ ಎಂಟರಲ್ಲಿ ನಾಲ್ಕು ನಮಗೆ, ನಾಲ್ಕು ಅವರಿಗೆ. 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ 33ನೇ ಸಲ ಟ್ರೋಫಿ ಎತ್ತಿದ ತಂಡ ಬಂಗಾಳ. ಅಂಥ ತಂಡದ ಜೊತೆ ಫೈನಲ್‌ನಲ್ಲಿ ನಾವು ಸರಿಸಮ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಪಟ್ಟಿ ಮಾಡುವವರೆಗೆ ನನಗೂ ಗೊತ್ತಿರಲಿಲ್ಲ.

ಭಾಗಿಸದೆ ಮಾತಾಡಬೇಡಿ

ಈಗ ಇನ್ನೊಂದು ಲೆಕ್ಕ. 1975-76ರ ಕೋಳಿಕ್ಕೋಡ್ ಪಂದ್ಯಾವಳಿ 32ನೆಯದು. ನಡುವೆ ಕೆಲವು ವರ್ಷ ಪಂದ್ಯಾವಳಿ ನಡೆದಿರಲಿಲ್ಲ, ಆದ್ದರಿಂದ ವರ್ಷಗಳನ್ನು ಕಳೆದರೆ ಲೆಕ್ಕ ತಪ್ಪುತ್ತದೆ, ಪಂದ್ಯಾವಳಿಗಳನ್ನೇ ಎಣಿಸಬೇಕು. 2022-23ರದ್ದು 76ನೆಯದು. ಅಂದರೆ ಮೊದಲ 32 ಪಂದ್ಯಾವಳಿಗಳಲ್ಲಿ ನಾವು 9 ಫೈನಲ್ ಆಡಿದ್ದೇವೆ, ಶೇಕಡ 28. ನಂತರದ 44ರಲ್ಲಿ 1, ಶೇಕಡ 2ಕ್ಕಿಂತ ತುಸು ಹೆಚ್ಚು.

‘ನಮ್ಮ ಅದೃಷ್ಟ ಕೆಟ್ಟಿತ್ತು’ ಎನ್ನುವವರು ಇದ್ದಾರೆ. ಅದೃಷ್ಟವನ್ನೂ ಲೆಕ್ಕ ಹಾಕಬಹುದು. ಹಳೆಯ ಶಕ್ತಿಯೇ ಉಳಿದಿದ್ದರೆ ಪ್ರತಿ ಪಂದ್ಯಾವಳಿಯಲ್ಲೂ ಫೈನಲ್ ತಲುಪದಿರುವ ಸಂಭವ 32ರಲ್ಲಿ 23. 33ನೆಯದರಿಂದ 75ನೆಯದರವರೆಗೆ 43 ಸಲ ಸತತವಾಗಿ ತಲುಪದಿರಬೇಕಾದರೆ ಆ ಭಿನ್ನರಾಶಿಯನ್ನು 43 ಸಲ ಗುಣಿಸಬೇಕು. ಪಿಯುಸಿ ಮಕ್ಕಳು ಲಾಗರಿದಮ್ ಬಳಸಿ ಮಾಡಿ ನೋಡಿ. ಉತ್ತರ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ಬರೀ ದುರದೃಷ್ಟದಿಂದ ಇಷ್ಟು ಉದ್ದದ ಬರ ಬರುವುದಿಲ್ಲ. ಏನೋ ಬದಲಾಗಿತ್ತು. ಏನು ಎಂಬುದನ್ನು ಈ ಗುಣಾಕಾರ ಹೇಳುವುದಿಲ್ಲ; ಹುಡುಕಬೇಕು ಎಂದು ಮಾತ್ರ ಹೇಳುತ್ತದೆ.

ಕೋಳಿ ಕೂಗಿದ್ದಕ್ಕೆ ಬೆಳಗಾಯಿತೇ?

ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಕ್ರಿಕೆಟ್. ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದದ್ದು 1973-74ರಲ್ಲಿ. ಫುಟ್‌ಬಾಲ್ ಬರ ಶುರುವಾದದ್ದು 1976ರ ಆಚೆಗೆ. ‘ಆಹಾ, ಸಿಕ್ಕಿತು, ಕ್ರಿಕೆಟ್ ಬಂದು ಫುಟ್‌ಬಾಲ್ ತಿಂದಿತು’ ಎಂದು ತೀರ್ಪು ಕೊಟ್ಟುಬಿಡಬಹುದು. ನಾನೂ ಮೊದಮೊದಲು ಹಾಗೇ ಹೇಳುತ್ತಿದ್ದೆ. ಆದರೆ ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಕಾರಣವಾಗುವುದಿಲ್ಲ. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದುಕೊಂಡಿದ್ದ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತಲ್ಲ!

ಈ ತೀರ್ಪಿಗೆ ಅಡ್ಡ ಬರುವ ಸಾಕ್ಷಿಗಳೂ ಇವೆ. 1977ರಲ್ಲಿ ಫೆಡರೇಷನ್ ಕಪ್ ಮೊದಲ ಬಾರಿಗೆ ನಡೆದಾಗ ಗೆದ್ದದ್ದು ಬೆಂಗಳೂರಿನ ಐ.ಟಿ.ಐ. ತಂಡ. ಫೈನಲ್‌ನಲ್ಲಿ ಮೋಹನ್ ಬಾಗನ್ ಅನ್ನು ಸೋಲಿಸಿತು. ಟೆಲಿಫೋನ್ ತಯಾರಿಸುವ ಕಾರ್ಖಾನೆಯ ನೌಕರರು ಕಲ್ಕತ್ತೆಯ ದೈತ್ಯರನ್ನು ಮಣಿಸಿದ ವರ್ಷ ಅದು. ಬೆಂಗಳೂರಿನಲ್ಲಿ ಫುಟ್‌ಬಾಲ್ ಸತ್ತಿದ್ದರೆ ಇದಾಗುತ್ತಿರಲಿಲ್ಲ. ಇನ್ನೂ ಈಚೆಗೆ ಬಂದರೆ, 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌.ಸಿ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎ.ಎಫ್‌.ಸಿ. ಕಪ್‌ನ ಫೈನಲ್ ತಲುಪಿತು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಆ ವರ್ಷಗಳಲ್ಲೆಲ್ಲ ರಾಜ್ಯ ತಂಡದ ಖಾತೆಯಲ್ಲಿ ಸೊನ್ನೆಯೇ ಇತ್ತು.

ಉಳಿದ ರಾಜ್ಯಗಳೇನು ಸುಮ್ಮನೆ ಕೂತಿರಲಿಲ್ಲ. ಪಂಜಾಬ್ 1970-71ರಲ್ಲಿ, ಕೇರಳ 1973-74ರಲ್ಲಿ ಮೊದಲ ಸಲ ಗೆದ್ದವು. ಆಮೇಲೆ ಗೋವಾ ಬಂತು. 2002-03ರಲ್ಲಿ ಮಣಿಪುರ, 2013-14ರಲ್ಲಿ ಮಿಜೋರಾಂ. ನಾವು ಇಳಿದದ್ದು ಎಷ್ಟು, ಬೇರೆಯವರು ಏರಿದ್ದು ಎಷ್ಟು ಎಂಬುದನ್ನು ನಮ್ಮ ಒಂದೇ ಅಂಕಿಯಿಂದ ಬೇರ್ಪಡಿಸಲು ಬರುವುದಿಲ್ಲ. ಮಗನ ರ‍್ಯಾಂಕು 5ರಿಂದ 12ಕ್ಕೆ ಇಳಿದರೆ ಅಪ್ಪ ಕೂಗಾಡುವ ಮುಂಚೆ ಅಂಕಗಳನ್ನು ನೋಡಬೇಕು. ಅಂಕ ಹೆಚ್ಚಾಗಿಯೂ ರ‍್ಯಾಂಕು ಇಳಿದಿರಬಹುದು. ತಂದೆತಾಯಿಯರು ಇದನ್ನೊಂದು ನೆನಪಿಡಿ.

ಹೆಸರು ಅದೇ, ವಸ್ತು ಬೇರೆ

ಅಂಕಿಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. 1946-47ರ ‘ಮೈಸೂರು’ ಮಹಾರಾಜರ ಸಂಸ್ಥಾನ. ಧಾರವಾಡ, ಬೆಳಗಾವಿ, ಮಂಗಳೂರು, ಕಲಬುರಗಿ ಯಾವುದೂ ಅದರಲ್ಲಿ ಇರಲಿಲ್ಲ. ಅವು ಸೇರಿದ್ದು 1956ರ ನವೆಂಬರ್ 1ರಂದು. ಟ್ರೋಫಿಯ ತೂಕವೂ ಬದಲಾಗಿದೆ. ಆ ಕಾಲದಲ್ಲಿ ದೇಶದ ಅತ್ಯುತ್ತಮ ಆಟಗಾರರೆಲ್ಲ ತಮ್ಮ ರಾಜ್ಯಕ್ಕಾಗಿ ಇದನ್ನು ಆಡುತ್ತಿದ್ದರು. ಈಗ ದೊಡ್ಡ ಕ್ಲಬ್‌ಗಳ ವೃತ್ತಿಪರ ಆಟಗಾರರು ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ. 1968ರ ಗೆಲುವನ್ನೂ 2023ರ ಗೆಲುವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಕಷ್ಟ. ಹಾಗೆಂದು 2023ರದ್ದು ಕಡಿಮೆಯೇನಲ್ಲ. ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಸುನಿಲ್ ಕುಮಾರ್, ಬೆಕೆ ಓರಮ್, ರಾಬಿನ್ ಯಾದವ್ ಹೊಡೆದ ಮೂರು ಗೋಲುಗಳಿಂದ 3-2ರಲ್ಲಿ ಗೆದ್ದ ಹುಡುಗರು ಐವತ್ತು ಪಂದ್ಯಾವಳಿಗಳ ಬರವನ್ನು ಮುಗಿಸಿದರು.

ಸಣ್ಣ ಸಂಖ್ಯೆಗಳ ಮೋಸವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಆಡಿದ 4 ಫೈನಲ್‌ಗಳಲ್ಲಿ 3 ಗೆಲುವು, ಶೇಕಡ 75. ಹೊರಗೆ ಆಡಿದ 6ರಲ್ಲಿ 2 ಗೆಲುವು, ಶೇಕಡ 33. ‘ಮನೆಯಂಗಳದಲ್ಲಿ ಹುಲಿ’ ಎಂದು ತಲೆಬರಹ ಕೊಡಬಹುದು. ಆದರೆ ಆ ನಾಲ್ಕರಲ್ಲಿ ಒಂದೇ ಒಂದು ಗೆಲುವು ಸೋಲಾಗಿದ್ದರೆ ಶೇಕಡ 75 ಎಂಬುದು 50ಕ್ಕೆ ಇಳಿಯುತ್ತಿತ್ತು. ನಾಲ್ಕು ಪಂದ್ಯಗಳಿಂದ ನಿಯಮ ಕಟ್ಟಬಾರದು. ‘ನಮ್ಮ ಟ್ಯೂಷನ್‌ಗೆ ಬಂದ ನಾಲ್ವರಲ್ಲಿ ಮೂವರಿಗೆ ಡಿಸ್ಟಿಂಕ್ಷನ್’ ಎಂಬ ಜಾಹೀರಾತು ಓದುವಾಗಲೂ ಇದೇ ಲೆಕ್ಕ.

ನನ್ನ ಖಾತೆಯ ಸಾಲ

ಇಷ್ಟೆಲ್ಲ ಉಪದೇಶ ಮಾಡುವ ನಾನು ಮಾಡಿದ ತಪ್ಪೊಂದಿದೆ. ಹೇಳದಿದ್ದರೆ ಲೇಖನ ಅಪೂರ್ಣ.

ವಿಜ್ಞಾನದ ಮೇಷ್ಟ್ರಾದರೂ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನೆಂದು ಹಲವು ವರ್ಷ ಶಾಲೆಯ ತಂಡದ ಜವಾಬ್ದಾರಿ ನನ್ನ ಮೇಲಿತ್ತು. ಹುಡುಗರನ್ನು ಬಸ್ಸಿನಲ್ಲಿ ತಾಲ್ಲೂಕು ಮಟ್ಟಕ್ಕೆ, ಕೆಲವೊಮ್ಮೆ ಹಾಸನಕ್ಕೆ ಕರೆದೊಯ್ದಿದ್ದೇನೆ. ಗೆದ್ದಾಗ ಬೋಂಡ ಕೊಡಿಸಿದ್ದೇನೆ. ಬರೆದಿಟ್ಟಿದ್ದು ಮಾತ್ರ ಏನೂ ಇಲ್ಲ. ‘ನೆನಪಿರುತ್ತದೆ ಬಿಡಿ’ ಎನ್ನುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಆ ತಂಡದ ಗೋಲ್‌ಕೀಪರ್ ಆಗಿದ್ದವನು ಮನೆಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಅರ್ಜಿ. ಕ್ರೀಡಾಪಟುಗಳಿಗೆ ಮೀಸಲಾದ ಒಂದು ಸೀಟಿಗಾಗಿ, ಆಡಿದ್ದಕ್ಕೆ ದಾಖಲೆ ಬೇಕಿತ್ತು. ಯಾವ ವರ್ಷ, ಯಾವ ಹಂತ, ಯಾರ ವಿರುದ್ಧ, ಎಷ್ಟು ಗೋಲು? ಅವನು ತಡೆದ ಪೆನಾಲ್ಟಿ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಎಡಕ್ಕೆ ಹಾರಿದ್ದ, ಮೊಣಕೈ ತರಚಿತ್ತು. ವರ್ಷ ಮಾತ್ರ ನೆನಪಾಗಲಿಲ್ಲ. ಇಬ್ಬರೂ ಕೂತು ಎಣಿಸಿದೆವು. ಅವನು ಒಂದು ವರ್ಷ ಹೇಳಿದ, ನಾನು ಇನ್ನೊಂದು ಹೇಳಿದೆ. ಗೊತ್ತಿಲ್ಲದ ವರ್ಷಕ್ಕೆ ಸಹಿ ಹಾಕುವಂತಿಲ್ಲ. ‘ಪರವಾಗಿಲ್ಲ ಬಿಡಿ ಸಾರ್’ ಎಂದು ಕಾಫಿ ಕುಡಿದು ಹೋದ. ಗೇಟಿನವರೆಗೆ ಹೋಗಿ ನಿಂತೆ. ಅವನು ತಿರುಗಿ ನೋಡಲಿಲ್ಲ. ಒಂದು ನೋಟ್‌ಬುಕ್ಕಿನ ಬೆಲೆಗೆ ಸಿಗುತ್ತಿದ್ದುದನ್ನು ಆ ಹುಡುಗ ಕಳೆದುಕೊಂಡ. ತಪ್ಪು ನನ್ನದು.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಪ್ರತಿ ಶಾಲೆ, ಕಾಲೇಜು, ಊರಿನ ಸಂಘ ಒಂದು ಉದ್ದನೆಯ ನೋಟ್‌ಬುಕ್ ಇಡಲಿ. ಪಂದ್ಯದ ದಿನಾಂಕ, ಸ್ಥಳ, ಎದುರಾಳಿ, ಫಲಿತಾಂಶ, ಆಡಿದ ಹನ್ನೊಂದು ಮಂದಿ ಹಾಗೂ ಬದಲಿ ಆಟಗಾರರ ಪೂರ್ಣ ಹೆಸರು, ಗೋಲು ಹೊಡೆದವರು, ಕೆಳಗೆ ಇಬ್ಬರ ಸಹಿ. ಅದೇ ದಿನ ಬರೆಯಬೇಕು. ಮರುದಿನ ನೆನಪು ಬಣ್ಣ ಹಚ್ಚಿಕೊಳ್ಳುತ್ತದೆ. ತಂದೆತಾಯಿಯರು ಮಕ್ಕಳ ಪ್ರಮಾಣಪತ್ರವನ್ನು ಆಯಾ ವರ್ಷವೇ ಕೇಳಿ ಪಡೆಯಲಿ, ಒಂದು ಪ್ರತಿ ಮಾಡಿಸಿ ಬೇರೆ ಕಡೆ ಇಡಲಿ.

ನಮ್ಮೂರಿನಿಂದ ಬೇಲೂರು ದೂರವೇನಲ್ಲ. ಚೆನ್ನಕೇಶವನ ಗುಡಿಯ ಮದನಿಕೆಯರ ಕಾಲ ಬಳಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂಬೈನೂರು ವರ್ಷದ ಮೇಲೂ ಅವರು ನಮಗೆ ಗೊತ್ತು. ಕಾರಣ, ಕೆಲಸ ಮುಗಿದ ಮೇಲೆ ಒಂದು ಸಾಲು ಬರೆಯುವ ವ್ಯವಧಾನ ಅವರಿಗಿತ್ತು. ಅದೇ ನೆಲದಲ್ಲಿ ನನ್ನ ಗೋಲ್‌ಕೀಪರನ ಹೆಸರು ಕಾಗದದ ಮೇಲೂ ಇಲ್ಲ.

ಆ ಸೋಮವಾರದ ನಂತರ ಒಂದು ನೋಟ್‌ಬುಕ್ ತಂದೆ. ಮುಂದಿನ ವರ್ಷದ ಮೊದಲ ಪಂದ್ಯವನ್ನು ನಮ್ಮ ಹುಡುಗರು 0-4ರಲ್ಲಿ ಸೋತರು. ಬರೆಯಲು ಕೂತ ಕ್ಯಾಪ್ಟನ್ ಪೆನ್ನು ಹಿಡಿದು ಸುಮ್ಮನಿದ್ದ. ‘ಸಾರ್, ಇದನ್ನ ಬಿಟ್ಟು ಗೆದ್ದ ಮ್ಯಾಚಿಂದ ಶುರು ಮಾಡೋಣ.’

ಕರಿಹಲಗೆಯ ಮೇಲೆ ಬರೆದಿದ್ದ ಹತ್ತು ಫೈನಲ್‌ಗಳನ್ನು ನೆನಪಿಸಿದೆ. ಐದು ಸೋಲುಗಳನ್ನು ಯಾರೂ ಬರೆಯದೆ ಬಿಟ್ಟಿದ್ದರೆ, ಬಂಗಾಳಕ್ಕೆ ನಾವು ಸರಿಸಮ ಎಂಬ ಮಾತು ಹೇಗೆ ತಿಳಿಯುತ್ತಿತ್ತು?

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಸೊನ್ನೆಯನ್ನೂ ನಾಲ್ಕನ್ನೂ ದುಂಡಗೆ ಬರೆದ. ಕೆಳಗೆ ಹನ್ನೊಂದು ಹೆಸರು. ಆಮೇಲೆ ನನ್ನ ಸಹಿ, ತಾರೀಖಿನೊಂದಿಗೆ.