ಮೊದಲ ಕ್ಷೌರಕತ್ತಿ: ಹೊಳಪಿಗಿಂತ ಕೋನ ಮುಖ್ಯ

ಹರಿತವಾದ ಚಾಕು ಸುಲಭವಾಗಿ ಕತ್ತರಿಸುವುದೇಕೆ? ಬಲ ಅಷ್ಟೇ ಇದ್ದರೂ ಅದು ಬೀಳುವ ಕ್ಷೇತ್ರ ಕಡಿಮೆಯಾದಾಗ ಒತ್ತಡ ಹೆಚ್ಚುತ್ತದೆ ಎಂದು ಪ್ರೌಢಶಾಲೆಯಲ್ಲೇ ಹೇಳಿಕೊಡುತ್ತೇವೆ. ಇಪ್ಪತ್ತೈದು ವರ್ಷ ಈ ಪಾಠ ಮಾಡಿದ ನಾನು, ಮೊದಲ ಸಲ ಕ್ಷೌರಕತ್ತಿ ಕೊಳ್ಳುವಾಗ ಅದನ್ನು ಮರೆತೇಬಿಟ್ಟೆ. ಕೆತ್ತನೆಯ ಹಿಡಿ, ಕನ್ನಡಿಯಂಥ ಹೊಳಪು, ಅಗ್ಗದ ಬೆಲೆ ನೋಡಿ ಮರುಳಾದೆ. ಎರಡು ಸಲ ಎಳೆಯುವಷ್ಟರಲ್ಲಿ ಕೆನ್ನೆ ಉರಿದು ರಕ್ತ ಜಿನುಗಿತು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅದರ ಅಂಚು ಗರಗಸದ ಹಲ್ಲುಗಳಂತಿತ್ತು. ನಿಮಗೆ ಹಾಗಾಗದಿರಲಿ ಎಂದು ಈ ಲೇಖನ.

ಇಲ್ಲಿ ಹೇಳುತ್ತಿರುವುದು ಹಿಡಿಯೊಳಗೆ ಮಡಚಿಕೊಳ್ಳುವ, ಸಾಣೆ ಹಿಡಿದು ಮತ್ತೆ ಮತ್ತೆ ಬಳಸುವ ಕತ್ತಿಯ ವಿಷಯ. ಬ್ಲೇಡ್ ಸಿಕ್ಕಿಸಿ ಬಳಸುವ ಕತ್ತಿ ಬೇರೆ. ಎಚ್‌ಐವಿ, ಹೆಪಟೈಟಿಸ್-ಬಿ ಮುಂತಾದ ಸೋಂಕುಗಳು ರಕ್ತದ ಮೂಲಕ ಹರಡುವುದರಿಂದ ಅಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡ್ ಹಾಕುವುದೇ ಸರಿ. ಹಳೆಯ ಬಗೆಯ ಕತ್ತಿ ಒಬ್ಬರ ಸ್ವಂತ ಬಳಕೆಗೆ ಮಾತ್ರ.

ಅಂಚಿನ ಲೆಕ್ಕ

ಗಡ್ಡದ ಒಂದು ಕೂದಲಿನ ದಪ್ಪ ಸುಮಾರು 0.1 ಮಿಲಿಮೀಟರ್. ಚೆನ್ನಾಗಿ ಸಾಣೆ ಹಿಡಿದ ಕತ್ತಿಯ ಅಂಚಿನ ದಪ್ಪ 1 ಮೈಕ್ರೋಮೀಟರ್‌ಗಿಂತಲೂ ಕಡಿಮೆ. ಅರ್ಧ ಮೈಕ್ರೋಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಕೂದಲಿನ ಮೇಲೆ 0.05 ನ್ಯೂಟನ್ ಬಲ, ಅಂದರೆ ಸುಮಾರು 5 ಗ್ರಾಂ ತೂಕ ಬಿದ್ದರೆ ಒತ್ತಡ ಎಷ್ಟು? ಲೆಕ್ಕ ಹಾಕಿ ನೋಡಿ: ನೂರು ಕೋಟಿ ಪಾಸ್ಕಲ್! ವಾಯುಮಂಡಲದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು. ಅಂಚು 5 ಮೈಕ್ರೋಮೀಟರ್ ದಪ್ಪವಿದ್ದರೆ ಅಷ್ಟೇ ಒತ್ತಡಕ್ಕೆ ಹತ್ತು ಪಟ್ಟು ಬಲ ಬೇಕು. ಆ ಹೆಚ್ಚಿನ ಬಲ ಕೂದಲನ್ನಷ್ಟೇ ಅಲ್ಲ, ಚರ್ಮವನ್ನೂ ಒತ್ತುತ್ತದೆ. ಹರಿತವಾದ ಕತ್ತಿಗಿಂತ ಮೊಂಡು ಕತ್ತಿಯೇ ಹೆಚ್ಚು ಗಾಯ ಮಾಡಲು ಕಾರಣ ಇದು.

ಆದ್ದರಿಂದ ಹೊಸಬರು ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ: "ಇದನ್ನು ಕ್ಷೌರಕ್ಕೆ ಸಿದ್ಧವಾಗುವಂತೆ ಸಾಣೆ ಹಿಡಿದಿದ್ದೀರಾ?" ಹೊಸ ಕತ್ತಿಗಳೆಲ್ಲ ಹಾಗೆ ಬರುವುದಿಲ್ಲ. ಸಾಣೆ ಹಿಡಿಯುವುದನ್ನು ಆಮೇಲೆ ಕಲಿಯಬಹುದು. ಮೊದಲ ದಿನ ಅಂಚು ಸರಿಯಾಗಿಲ್ಲದಿದ್ದರೆ, ತಪ್ಪು ಕೈಯದೋ ಕತ್ತಿಯದೋ ಎಂದು ತಿಳಿಯುವುದೇ ಇಲ್ಲ.

ಕೋನ ಕತ್ತಿಯಲ್ಲೇ ಇದೆ

ಅಡುಗೆಮನೆಯ ಚಾಕುವನ್ನು ಕಲ್ಲಿಗೆ ಎಷ್ಟು ಓರೆಯಾಗಿ ಹಿಡಿಯಬೇಕು ಎಂಬುದನ್ನು ಕೈಯೇ ತೀರ್ಮಾನಿಸುತ್ತದೆ. ಕ್ಷೌರಕತ್ತಿಯಲ್ಲಿ ಹಾಗಿಲ್ಲ. ಅದರ ಬೆನ್ನು ದಪ್ಪ, ಅಂಚು ತೆಳು. ಸಾಣೆಕಲ್ಲಿನ ಮೇಲೆ ಮಲಗಿಸಿದಾಗ ಬೆನ್ನು ಮತ್ತು ಅಂಚು ಎರಡೂ ಕಲ್ಲನ್ನು ಮುಟ್ಟುತ್ತವೆ. ಹೀಗಾಗಿ ಅಂಚಿನ ಕೋನವನ್ನು ಕತ್ತಿಯ ಆಕಾರವೇ ನಿರ್ಧರಿಸುತ್ತದೆ. ಎಂಥ ಸರಳ ಉಪಾಯ!

ಈ ಕೋನವನ್ನು ನೀವೇ ಅಳೆಯಬಹುದು. ವರ್ನಿಯರ್ ಕ್ಯಾಲಿಪರ್‌ನಿಂದ ಬೆನ್ನಿನ ದಪ್ಪ ಅಳೆಯಿರಿ. ಕತ್ತಿಯನ್ನು ಗ್ರಾಫ್ ಹಾಳೆಯ ಮೇಲೆ ಮಲಗಿಸಿ, ಬೆನ್ನು ಹಾಳೆಗೆ ತಾಗುವ ಗೆರೆಯಿಂದ ಅಂಚಿನವರೆಗಿನ ದೂರ ಓದಿಕೊಳ್ಳಿ. ಉಪಕರಣವನ್ನಾಗಲಿ ಬೆರಳನ್ನಾಗಲಿ ಅಂಚಿಗೆ ತಾಗಿಸಬೇಡಿ. ದಪ್ಪದ ಅರ್ಧವನ್ನು ಈ ದೂರದಿಂದ ಭಾಗಿಸಿದರೆ ಬರುವುದು ಅರ್ಧಕೋನದ ಸೈನ್.

ಉದಾಹರಣೆಗೆ, ದಪ್ಪ 5 ಮಿ.ಮೀ., ದೂರ 18 ಮಿ.ಮೀ. ಇದ್ದರೆ ಭಾಗಲಬ್ಧ 0.139. ಅರ್ಧಕೋನ 8 ಡಿಗ್ರಿ, ಪೂರ್ಣಕೋನ 16 ಡಿಗ್ರಿ. ಇದು ಒಳ್ಳೆಯ ಕತ್ತಿಯ ಲಕ್ಷಣ. ಬೆನ್ನು ಸವೆದು ದಪ್ಪ 4 ಮಿ.ಮೀ.ಗೆ ಇಳಿದಿದ್ದರೆ ಕೋನ 13 ಡಿಗ್ರಿಯಷ್ಟೇ. ಅಂಥ ತೆಳು ಅಂಚು ಬೇಗ ಮುಕ್ಕಾಗುತ್ತದೆ. ಕೋನ 20 ಡಿಗ್ರಿ ಮೀರಿದರೆ ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತದೆ. ಹಳೆಯ ಕತ್ತಿ ಕೊಳ್ಳುವವರು ಈ ಒಂದು ಅಳತೆಯನ್ನಾದರೂ ಮಾಡಲೇಬೇಕು.

ಯಾವ ಉಕ್ಕು?

ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಊರುಗಳು ಕ್ಷೌರಕತ್ತಿಗೆ ಹೆಸರಾದವು. ಶೆಫೀಲ್ಡಿನಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ರೂಪಿಸಿದ. ಮೂಸೆ ಉಕ್ಕು ದಕ್ಷಿಣ ಭಾರತಕ್ಕೆ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ಯುರೋಪಿನವರು ಅದನ್ನು 'ವೂಟ್ಜ್' ಎಂದರು. ಆ ಪದ ನಮ್ಮ 'ಉಕ್ಕು' ಎಂಬುದರಿಂದಲೇ ಬಂದದ್ದೆಂಬ ಅಭಿಪ್ರಾಯವಿದೆ. ವೂಟ್ಜ್‌ನ ಗುಟ್ಟು ಹುಡುಕುತ್ತ, ಮೈಕೆಲ್ ಫ್ಯಾರಡೆ ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆಗೂಡಿ 1820 ಮತ್ತು 1822ರಲ್ಲಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಬಂಧ ಪ್ರಕಟಿಸಿದ.

ಇಂದು ಆಯ್ಕೆ ಎರಡು. ಶೇಕಡ 1ರ ಆಸುಪಾಸು ಕಾರ್ಬನ್ ಇರುವ ಉಕ್ಕು ಸಾಣೆಗೆ ಸುಲಭವಾಗಿ ಬಗ್ಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಕ್ರೋಮಿಯಂ ಬೆರೆಸಿದ ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ತಡೆಯುತ್ತದೆ, ಸಾಣೆಗೆ ಹೆಚ್ಚು ಶ್ರಮ ಬೇಡುತ್ತದೆ. ಬಳಸಿದೊಡನೆ ಒರೆಸಿ ಒಂದು ಹನಿ ಎಣ್ಣೆ ಸವರುವ ಶಿಸ್ತು ಇದ್ದವರಿಗೆ ಮೊದಲನೆಯದೇ ಮೇಲು. ಕರಾವಳಿಯ ಉಪ್ಪುಗಾಳಿಯಲ್ಲಿ ಇರುವವರು ಎರಡನೆಯದನ್ನು ಯೋಚಿಸಬಹುದು.

ಉಕ್ಕಿಗಿಂತ ಎಷ್ಟೋ ಮೆದುವಾದ ಕೂದಲು ಬ್ಲೇಡನ್ನು ಹೇಗೆ ಮೊಂಡಾಗಿಸುತ್ತದೆ? ಕೂದಲಿಗಿಂತ ಉಕ್ಕು ಸುಮಾರು 50 ಪಟ್ಟು ಗಡಸು. ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು 2020ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕೂದಲು ಬಾಗಿ ಅಂಚನ್ನು ಓರೆಯಾಗಿ ಒತ್ತಿದಾಗ, ಉಕ್ಕಿನ ರಚನೆ ಏಕರೂಪವಾಗಿಲ್ಲದ ಜಾಗದಲ್ಲಿ ಚೂರು ಕಿತ್ತುಬರುತ್ತದೆ. ನೀರಿನಲ್ಲಿ ನೆನೆದ ಕೂದಲು ಮೆದುವಾಗಿ ಬೇಗ ಕತ್ತರಿಸುತ್ತದೆ. ಆದ್ದರಿಂದ ಕ್ಷೌರಕ್ಕೆ ಮೊದಲು ಬಿಸಿನೀರಿನಿಂದ ಗಡ್ಡ ನೆನೆಸುವುದು ಚರ್ಮಕ್ಕೂ ಹಿತ, ಕತ್ತಿಗೂ ಹಿತ.

ಕೊಳ್ಳುವಾಗ ನೋಡಿ

1. ಅಗಲ: ಕತ್ತಿಯ ಅಗಲವನ್ನು ಅಂಗುಲದ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. 5/8 ಅಥವಾ 6/8 (ಸುಮಾರು 16, 19 ಮಿ.ಮೀ.) ಹೊಸಬರಿಗೆ ಸರಿ. ಇನ್ನೂ ಅಗಲವಾದುದನ್ನು ಮೂಗಿನ ಕೆಳಗೆ ತಿರುಗಿಸುವುದು ಕಷ್ಟ.

2. ತುದಿ: ದುಂಡಾಗಿರಲಿ. ಚೂಪು ತುದಿ ಕಿವಿಯ ಬಳಿ ಚುಚ್ಚುತ್ತದೆ.

3. ನೇರ: ಸಮತಟ್ಟಾದ ಗಾಜಿನ ಮೇಲೆ ಮೆಲ್ಲನೆ ಮಲಗಿಸಿ. ಅಲುಗಿದರೆ ಅಲಗು ತಿರುಚಿಕೊಂಡಿದೆ ಎಂದರ್ಥ. ನಾನು ಕೊಂಡ ಕತ್ತಿ ಆಡುವ ಕುರ್ಚಿಯಂತೆ ತೂಗುತ್ತಿತ್ತು!

4. ಬಣ್ಣ: ಕಾರ್ಬನ್ ಉಕ್ಕಿನ ಹಳೆಯ ಕತ್ತಿಯ ಅಂಚಿನ ಬಳಿ ನೀಲಿ ಛಾಯೆ ಕಂಡರೆ ಬಿಟ್ಟುಬಿಡಿ. ಹೊಳಪು ಕೊಡುವಾಗ ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿರಬಹುದು. ಆಗ ಮೂಡುವ ಆಕ್ಸೈಡ್ ಪದರದಲ್ಲಿ ಬೆಳಕಿನ ವ್ಯತಿಕರಣವಾಗಿ ನೀಲಿ ಕಾಣುತ್ತದೆ. ಆ ಉಕ್ಕು ಗಡಸುತನ ಕಳೆದುಕೊಂಡಿರುತ್ತದೆ.

5. ತುಕ್ಕು: ಬೆನ್ನಿನ ಮೇಲಿನ ಕಲೆ ಪರವಾಗಿಲ್ಲ. ಅಂಚಿನಲ್ಲಿ ತುಕ್ಕಿನ ಗುಳಿ ಇದ್ದರೆ ಬೇಡ.

ಅಂಚನ್ನು ನೇರವಾಗಿಡುವ ಚರ್ಮದ ಪಟ್ಟಿಯೂ ಬೇಕು. ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಅದರ ಮೇಲೆ ಕತ್ತಿಯನ್ನು ಎಳೆಯುವಾಗ ಬೆನ್ನು ಮುಂದೆ, ಅಂಚು ಹಿಂದೆ ಇರಬೇಕು.

ಅಧ್ಯಾಪಕರಿಗೆ ಒಂದು ಮಾತು. ಕತ್ತಿಯನ್ನು ತರಗತಿಗೆ ತಂದರೆ ಅದು ನಿಮ್ಮ ಕೈಯಲ್ಲೇ ಇರಲಿ. ಅಳತೆಯನ್ನು ವಿದ್ಯಾರ್ಥಿಗಳು ಓದಲಿ, ಕೋನವನ್ನು ಅವರೇ ಲೆಕ್ಕ ಹಾಕಲಿ. ನನ್ನ ಹೊಳೆಯುವ ಕತ್ತಿ ಈಗ ಪ್ರಯೋಗಾಲಯದ ಕಪಾಟಿನಲ್ಲಿದೆ. ವರ್ಷಕ್ಕೊಮ್ಮೆ ಅದನ್ನು ಗಾಜಿನ ಮೇಲಿಟ್ಟು ತೋರಿಸುತ್ತೇನೆ. ಕ್ಷೌರಕ್ಕೆ ಬಾರದಿದ್ದರೂ ಪಾಠಕ್ಕೆ ಅದು ಚೆನ್ನಾಗಿಯೇ ಒದಗಿದೆ.