ನ್ಯೂರೋಎಂಡೋಕ್ರೈನ್ ಗೆಡ್ಡೆ ಎಂದರೆ ಮಿದುಳಿನ ಗೆಡ್ಡೆಯೇ?

2018ರ ಮಾರ್ಚ್‌ನಲ್ಲಿ ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಗೆಡ್ಡೆ ಇದೆ ಎಂದು ತಿಳಿಸಿದಾಗ, ಅದು ಮಿದುಳಿನ ಕಾಯಿಲೆ ಎಂದು ಹಲವರು ಭಾವಿಸಿದ್ದರು. ‘ನ್ಯೂರೋ’ ಎಂದರೆ ಯಾವಾಗಲೂ ಮಿದುಳು ಎಂದರ್ಥವಲ್ಲ ಎಂದು ಅವರೇ ಸ್ಪಷ್ಟಪಡಿಸಬೇಕಾಯಿತು.

ಹಾಗಾದರೆ ಇದೇನು?

ನರಗಳಿಂದ ಸಂದೇಶ ಪಡೆದು ರಕ್ತಕ್ಕೆ ಹಾರ್ಮೋನ್ ಬಿಡುವ ವಿಶೇಷ ಜೀವಕೋಶಗಳು ನಮ್ಮ ದೇಹದ ಹಲವೆಡೆ ಇವೆ. ಈ ಕೋಶಗಳು ಮಿತಿಮೀರಿ ಬೆಳೆದಾಗ ಉಂಟಾಗುವುದೇ ನ್ಯೂರೋಎಂಡೋಕ್ರೈನ್ ಗೆಡ್ಡೆ. ಸಣ್ಣ ಕರುಳು, ಶ್ವಾಸಕೋಶ, ಮೇದೋಜೀರಕ ಗ್ರಂಥಿ, ಅಪೆಂಡಿಕ್ಸ್ ಇದು ಹೆಚ್ಚಾಗಿ ಕಾಣಿಸುವ ಜಾಗಗಳು.

ಲಕ್ಷಣಗಳು ದಾರಿ ತಪ್ಪಿಸುತ್ತವೆ

ಅನೇಕ ಗೆಡ್ಡೆಗಳು ವರ್ಷಗಟ್ಟಲೆ ಯಾವ ಸುಳಿವನ್ನೂ ಕೊಡುವುದಿಲ್ಲ. ಕೆಲವು ಹಾರ್ಮೋನ್ ಸುರಿಸುತ್ತವೆ; ಆಗ ಲಕ್ಷಣ ಯಾವುದೆಂಬುದು ಹಾರ್ಮೋನನ್ನು ಅವಲಂಬಿಸಿರುತ್ತದೆ.

ಉದಾಹರಣೆಗೆ, ಮೇದೋಜೀರಕ ಗ್ರಂಥಿಯಲ್ಲಿ ಬರುವ ಇನ್ಸುಲಿನೋಮಾ. ಇದು ಬೇಡದ ಹೊತ್ತಿನಲ್ಲೂ ಇನ್ಸುಲಿನ್ ಬಿಡುತ್ತದೆ. ಊಟ ತಡವಾದರೆ ಅಥವಾ ಉಪವಾಸವಿದ್ದರೆ ಸಕ್ಕರೆಯ ಮಟ್ಟ ಕುಸಿದು ಬೆವರು, ನಡುಕ, ಗೊಂದಲ, ವಿಚಿತ್ರ ವರ್ತನೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಸಿಹಿ ತಿಂದರೆ ಸರಿಹೋಗುತ್ತದೆ! ಮೂರ್ಛೆರೋಗ ಅಥವಾ ಮಾನಸಿಕ ಕಾಯಿಲೆ ಎಂದು ತಪ್ಪು ತಿಳಿದು ವರ್ಷಗಳ ಕಾಲ ಬೇರೆ ಔಷಧಿ ತೆಗೆದುಕೊಂಡವರೂ ಇದ್ದಾರೆ.

ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಬರುವ ಫಿಯೋಕ್ರೋಮೋಸೈಟೋಮಾ ಇನ್ನೊಂದು ಬಗೆ. ಇದರಲ್ಲಿ ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆಬಡಿತ ಬರುತ್ತದೆ, ಬಿಪಿ ಏರುತ್ತದೆ. ಇದನ್ನು ಬರೀ ‘ಟೆನ್ಷನ್’ ಎಂದುಕೊಳ್ಳುವುದು ಸುಲಭ.

‘ಕತ್ತಿ ತಾಗಿಸಿದರೆ ಹರಡುತ್ತದೆ’ ನಿಜವೇ?

ಇಲ್ಲ. ಗೆಡ್ಡೆ ಒಂದೇ ಕಡೆ ಇದ್ದರೆ ಗುಣವಾಗಲು ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಇನ್ಸುಲಿನೋಮಾ ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ಚಿಕ್ಕದು, ಸುಮಾರು 90% ಕ್ಯಾನ್ಸರ್ ಅಲ್ಲ. ಹಲವರಲ್ಲಿ ಗ್ರಂಥಿಯನ್ನು ಉಳಿಸಿಕೊಂಡು ಗೆಡ್ಡೆಯನ್ನಷ್ಟೇ ಬಿಡಿಸಿ ತೆಗೆಯಬಹುದು. ಅಪೆಂಡಿಕ್ಸ್‌ನಲ್ಲಿ 1 ಸೆಂ.ಮೀ.ಗಿಂತ ಚಿಕ್ಕ ಗೆಡ್ಡೆ ಸಿಕ್ಕರೆ ಸಾಮಾನ್ಯವಾಗಿ ಅಪೆಂಡಿಕ್ಸ್ ತೆಗೆದರೆ ಸಾಕು.

ಆದರೆ ಅವಸರ ಸಲ್ಲದು. ಫಿಯೋಕ್ರೋಮೋಸೈಟೋಮಾವನ್ನು ಸಿದ್ಧತೆಯಿಲ್ಲದೆ ಮುಟ್ಟಿದರೆ ಅದರಿಂದ ಹಾರ್ಮೋನ್ ಒಮ್ಮೆಲೇ ಹೊರಬಂದು ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ಆದ್ದರಿಂದ ಆಪರೇಷನ್‌ಗೆ ಒಂದೆರಡು ವಾರ ಮೊದಲೇ ‘ಆಲ್ಫಾ ಬ್ಲಾಕರ್’ ಮಾತ್ರೆ ಶುರುಮಾಡುತ್ತಾರೆ. ವೈದ್ಯರು ಆಪರೇಷನ್ ದಿನ ಮುಂದೂಡಿದರೆ ಅದು ನಿರ್ಲಕ್ಷ್ಯವೇ ಆಗಬೇಕಿಲ್ಲ. ಈ ಸಿದ್ಧತೆಯೂ ಚಿಕಿತ್ಸೆಯ ಭಾಗವೇ.

ಗೆಡ್ಡೆ ಯಕೃತ್ತಿಗೆ ಹರಡಿದ್ದರೂ ಎಲ್ಲ ಮುಗಿಯಿತು ಎಂದಲ್ಲ. ಕೆಲವರಲ್ಲಿ ಆ ಭಾಗವನ್ನೂ ತೆಗೆಯಬಹುದು. ಹಾರ್ಮೋನ್ ತಡೆಯುವ ಇಂಜೆಕ್ಷನ್‌ಗಳೂ ಇವೆ.

ನೀವು ಏನು ಮಾಡಬಹುದು?

ಬೆವರು, ಎದೆಬಡಿತ ಇದ್ದವರಿಗೆಲ್ಲ ಈ ಗೆಡ್ಡೆ ಇರುವುದಿಲ್ಲ; ಇದು ಅಪರೂಪ. ಆದರೆ ಅದೇ ತೊಂದರೆ ಮತ್ತೆ ಮತ್ತೆ ಬರುತ್ತಿದ್ದರೆ, ಅದು ಬಂದ ಹೊತ್ತು, ಊಟ ಮಾಡಿ ಎಷ್ಟು ಹೊತ್ತಾಗಿತ್ತು, ಆಗ ಬಿಪಿ, ಶುಗರ್ ಎಷ್ಟಿತ್ತು ಎಂಬುದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ರೋಗ ಪತ್ತೆಗೆ ಆ ಚೀಟಿಯೇ ಮೊದಲ ಸುಳಿವಾಗಬಹುದು.